ಹಲ್ಲಿಮರಿಗೆ ಎರೆದ ಹಾಲು

ಗೋಡೆಯ ಮೇಲಿನ ಹಲ್ಲಿಗೆ ರೆಪ್ಪೆ ಇಲ್ಲ. ಕಲ್ಲಿನಡಿಯ ಚುಕ್ಕಿಹಲ್ಲಿಗೆ ಇದೆ. ಬಿಸಿಲು ಬಿದ್ದರೆ ಅದು ನಮ್ಮ ಹಾಗೆಯೇ ಕಣ್ಣು ಕಿರಿದು ಮಾಡುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ.

ಅದನ್ನು ನಾನು ಮೊದಲು ಕಂಡದ್ದು ನಮ್ಮೂರು ತಾಂಬಾದ ಹೊರಗೆ, ನಮ್ಮ ಹೊಲದ ಬದುವಿನಲ್ಲಿ. ಬರಗಾಲದ ಕಾಮಗಾರಿಯಲ್ಲಿ ಜನ ಒಡೆದು ಒಟ್ಟಿದ ಕಲ್ಲಿನ ರಾಶಿ ಅಲ್ಲಿತ್ತು. ಬರ ಹೋಗಿ ಮಳೆ ಬಂದು ಎರಡು ಸಲ ಜೋಳದ ರಾಶಿಯಾದರೂ ಆ ಕಲ್ಲುಗಳನ್ನು ಯಾರೂ ಒಯ್ದಿರಲಿಲ್ಲ. ಈ ವರ್ಷ ಹೋಳಿ ಮುಗಿದ ಮೇಲೆ ಅಪ್ಪ ಅದರ ಒಂದು ಮಗ್ಗುಲನ್ನು ಗಾಡಿಗೆ ತುಂಬಿಸಿ ಬಾವಿಯ ಕಟ್ಟೆಗೆ ತರಿಸುವವನಿದ್ದ. ಆಳುಗಳು ಬರುವ ಮೊದಲು ಒಲೆಗೆ ಎರಡು ಚಪ್ಪಟೆ ಕಲ್ಲು ಆರಿಸಿಕೊಳ್ಳೋಣವೆಂದು ನಾನು ಹೋಗಿದ್ದೆ. ಒಂದು ಕಲ್ಲನ್ನು ಎತ್ತಿದರೆ ಕೆಳಗೆ ಎರಡು ಹಲ್ಲಿಗಳು. ಹಳದಿ ಮೈ, ಅದರ ತುಂಬ ಕಪ್ಪು ಚುಕ್ಕಿ, ಗೆಣಸಿನಂಥ ದಪ್ಪ ಬಾಲ. ಅವು ಓಡಲಿಲ್ಲ. ದೊಡ್ಡದು ತಲೆ ಎತ್ತಿ ನನ್ನನ್ನು ನೋಡಿ ಕಣ್ಣು ಮುಚ್ಚಿತು. ಯಾರಾದರೂ ನನ್ನ ಮುಖ ನೋಡಿದರೆ ನಾನು ಮಾಡುವುದೂ ಅಷ್ಟೇ.

ನಮ್ಮ ಕಡೆ ಇದನ್ನು ವಿಷದ ಹಲ್ಲಿ ಎನ್ನುತ್ತಾರೆ. ಕಂಡವರು ಮೊದಲು ಕಲ್ಲು ಎತ್ತಿಹಾಕುತ್ತಾರೆ, ಆಮೇಲೆ ಮಾತು. ಆಳುಗಳ ಗಾಡಿಯ ಸಪ್ಪಳ ಕೇಳಿಸುತ್ತಿತ್ತು. ಎರಡನ್ನೂ ಬುಟ್ಟಿಗೆ ಹಾಕಿಕೊಂಡು, ಮೇಲೆ ಹುಲ್ಲು ಮುಚ್ಚಿ ಮನೆಗೆ ತಂದೆ. ದನದ ಮನೆಯ ಮೂಲೆಯಲ್ಲಿ ಬಾಯಿ ಒಡೆದ ನೀರಿನ ಹರವಿಯೊಂದಿತ್ತು. ಅದರಲ್ಲಿ ಮಣ್ಣು ತುಂಬಿ, ಒಂದು ಚಪ್ಪಟೆ ಕಲ್ಲಿಟ್ಟು ಬಿಟ್ಟೆ. ಜನ ಆಕಳು ಸಾಕುತ್ತಾರೆ, ಗಿಳಿ ಸಾಕುತ್ತಾರೆ. ಹಲ್ಲಿ ಸಾಕಿದ್ದೇನೆಂದು ಯಾರಿಗೆ ಹೇಳುವುದು? ಅವ್ವನಿಗೂ ಹೇಳಲಿಲ್ಲ.

ಗೋಡೆಯಾಚೆಯ ಶಮಶಾದಬಿಗೆ ಮಾತ್ರ ಗೊತ್ತಾಯಿತು. ಅವಳು ಎಮ್ಮೆ ಕಟ್ಟಿ ಹಾಲು ಮಾರುತ್ತಾಳೆ, ಕೋಳಿ ಸಾಕಿದ್ದಾಳೆ. ಅವಳ ತಿಪ್ಪೆಯಲ್ಲಿ ನಾನು ಹುಳ ಹುಡುಕುವಾಗ ಹಿಂದೆಯೇ ಬಂದು ನಿಂತಿದ್ದಳು.

“ಏನ ಶಂಕ್ರಿ, ನಮ್ಮ ಕೋಳಿ ಕೂಳು ಕಸಗೊಳ್ಳಾಕತ್ತಿಯಲ್ಲ?”

ಅವಳ ಕೈ ಹಿಡಿದು ಹರವಿಯ ಹತ್ತಿರ ಕರೆದೊಯ್ದೆ. ಬಗ್ಗಿ ನೋಡಿದವಳು ಜಿಗಿದು ಹಿಂದೆ ಸರಿದಳು.

“ಯಾ ಅಲ್ಲಾ! ಇದರ ಉಸರ ತಾಗಿದ್ರ ದನಾ ಸಾಯ್ತಾವಂತ!”

“ನಮ್ಮ ಆಕಳ ಇಲ್ಲೇ ಐತೆಲ್ಲ ಅಕ್ಕಾ,” ಎಂದೆ. ಆಕಳು ಪಕ್ಕದಲ್ಲೇ ನಿಂತು ಕಣಿಕೆ ಮೇಯುತ್ತಿತ್ತು.

ಅವಳು ಆಕಳನ್ನು ನೋಡಿದಳು, ಹಲ್ಲಿಯನ್ನು ನೋಡಿದಳು. “ಆಕಳಿಗೆ ಯಾರೂ ಹೇಳಿಲ್ಲ ಕಾಣತೈತಿ. ಅದಕ ಬದುಕೈತಿ,” ಎಂದು ನಕ್ಕಳು. ಅಂದಿನಿಂದ ಕೋಳಿಗೂಡು ಬಳಿಯುವಾಗ ಸಿಕ್ಕ ಹುಳಗಳನ್ನು ಎಲೆಯಲ್ಲಿ ಕಟ್ಟಿ ಗೋಡೆಯ ಮೇಲಿಡತೊಡಗಿದಳು.

ಬೇಸಗೆ ಏರಿದಾಗ ಹೆಣ್ಣು ಎರಡು ತತ್ತಿ ಇಟ್ಟಿತು. ಕೋಳಿಯ ತತ್ತಿಯಂತೆ ಗಟ್ಟಿಯಲ್ಲ, ತೊಗಲಿನಂತೆ ಮೆತ್ತಗೆ. ಕೋಳಿ ಕಾವು ಕೊಡುವಾಗ ದಿನಾ ತತ್ತಿ ಹೊರಳಿಸುತ್ತದೆ ಎಂದು ಶಮಶಾದಬಿ ಹೇಳಿದ್ದಳು. ನಾನೂ ದಿನಾ ಹೊರಳಿಸಿದೆ. ತತ್ತಿಗಳು ಹಳದಿಯಾಗಿ ಕುಗ್ಗಿದವು. ಒಂದನ್ನು ಜಾಲಿಮುಳ್ಳಿನಿಂದ ಸೀಳಿ ನೋಡಿದೆ. ಒಳಗೆ ಸುತ್ತಿಕೊಂಡು ಮಲಗಿದ ಎಳೆಯ ಜೀವ, ಅದಕ್ಕೆ ಮುಚ್ಚಿದ ಕಣ್ಣು. ಗೊತ್ತಿಲ್ಲದೆ ಹೊರಳಿಸಿ ಕೊಂದದ್ದಕ್ಕೆ ನನ್ನ ಕೈಯೇ ನನಗೆ ಅಸಹ್ಯವಾಯಿತು. ಹೆಣ್ಣಿನ ಬಾಲವೂ ಬತ್ತಿತ್ತು. ತಿಂದದ್ದರಲ್ಲಿ ಉಳಿದದ್ದೆಲ್ಲ ಅದರ ಬಾಲದಲ್ಲೇ ಬುತ್ತಿಯಾಗಿರುತ್ತದೆ. ಗಂಡು ಮಾತ್ರ ಬೆನ್ನು ಬಿಡದೆ ಅದರ ಕತ್ತು ಕಚ್ಚುತ್ತಿತ್ತು. ಗಂಡನ್ನು ಒಯ್ದು, ರಾಶಿಯಲ್ಲಿ ಉಳಿದಿದ್ದ ಮಗ್ಗುಲಿಗೆ ಬಿಟ್ಟುಬಂದೆ.

ಗಂಡಿಲ್ಲದಿದ್ದರೂ ಕಾರಹುಣ್ಣಿಮೆಗೆ ಮೊದಲು ಅದು ಮತ್ತೆ ಎರಡು ತತ್ತಿ ಇಟ್ಟಿತು. ಈ ಸಲ ಇಟ್ಟ ಮಗ್ಗುಲು ಬದಲಾಗದಂತೆ ಮೇಲೆ ಇದ್ದಿಲ ಚುಕ್ಕಿ ಇಟ್ಟು, ಸಾಣಿಗೆ ಹಿಡಿದ ಹಳ್ಳದ ಮರಳಿನಲ್ಲಿ ಅರ್ಧ ಹೂತು, ಒಲೆಯ ಹಿಂದಿನ ಗೂಡಿನಲ್ಲಿಟ್ಟೆ. ಮರಳು ಒಣಗಿದಾಗ ಬೆರಳಿನಿಂದ ನೀರು ಚಿಮುಕಿಸುವುದೊಂದೇ ಕೆಲಸ. ಮತ್ತೇನೂ ಮಾಡದೆ ಇರುವುದೇ ಕಷ್ಟವಾಗಿತ್ತು.

ಪಂಚಮಿ ಹತ್ತಿರ ಬಂದಾಗ ಮರಿಗಳು ಹೊರಬಂದವು. ತಾಯಿಗೆ ಚುಕ್ಕಿ, ಮರಿಗಳಿಗೆ ಪಟ್ಟಿ. ಕಪ್ಪು, ಹಳದಿ, ಕಪ್ಪು, ಬಾಲದ ತುದಿಗೆ ಬಿಳಿ.

“ಇವು ಅದರ ಮಕ್ಕಳ ಖರೇನ? ಯಾರ ತೊಟ್ಟಿಲಾಗಿಂದು ಎತ್ತಿಕೊಂಡ ಬಂದಿಯೇ ಸೂಲಗಿತ್ತಿ?” ಎಂದಳು ಶಮಶಾದಬಿ.

ಮೊದಲ ಪೊರೆ ಬಿಡುವವರೆಗೆ ಅವು ಏನೂ ತಿನ್ನಲಿಲ್ಲ. ಬಿಟ್ಟ ಪೊರೆಯನ್ನೇ ತಿಂದವು. ಆಮೇಲೆ ಗೆದ್ದಲು, ಎಳೆ ಮಿಡತೆ. ಜೊತೆಗಿಟ್ಟರೆ ದೊಡ್ಡದು ಸಣ್ಣದರ ಬಾಲಕ್ಕೆ ಬಾಯಿ ಹಾಕುತ್ತಿತ್ತು. ಬೇರೆಬೇರೆ ಕುಡಿಕೆಯಲ್ಲಿಟ್ಟು, ಶೇಂಗಾ ಸಿಪ್ಪೆಯ ಅರ್ಧದಲ್ಲಿ ನೀರಿಟ್ಟೆ. ಬಾಲ ದಪ್ಪಗಾಗಬೇಕು, ಮಳೆಗಾಲ ಮುಗಿಯಬೇಕು, ತಾಯಿಯನ್ನೂ ಮರಿಗಳನ್ನೂ ಕಲ್ಲಿನ ರಾಶಿಗೆ ಮುಟ್ಟಿಸಬೇಕು. ಎತ್ತಿ ತಂದವಳು ನಾನಲ್ಲವೇ?

ಆ ದಿನಗಳಲ್ಲಿ ನಮ್ಮ ಮನೆಗೆ ಓಣಿಯ ಹೆಂಗಸರು ಬರುವುದೇ ನಿಂತುಹೋಗಿತ್ತು. ಅದಕ್ಕೆ ಕಾರಣ ನಾನು. ಹಿಂದಿನ ವರ್ಷ ಮುದ್ದೇಬಿಹಾಳದಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗನ ತಾಯಿ ನನ್ನ ಹೆಸರು ಕೇಳಿದಳು. ನನಗೆ ಬಾಯಿ ಬರಲಿಲ್ಲ. ಇನ್ನೊಮ್ಮೆ ಕೇಳಿದಳು. ಸಾಲೆಯಲ್ಲಿ ಹಾಜರಿ ಕೂಗಿದಾಗಲೂ ಹೀಗೆಯೇ ಆಗುತ್ತಿತ್ತು. ಹುಡುಗರು ನಗುತ್ತಿದ್ದರು. ಅದಕ್ಕೇ ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟಿದ್ದೆ. ಬೀಗರಾಗಬೇಕಿದ್ದವರು ಅವಲಕ್ಕಿ ತಿಂದು ಎದ್ದುಹೋದರು. ಹುಡುಗಿ ಮೂಕಿ ಇದ್ದಾಳೆ ಎಂಬ ಸುದ್ದಿ ಅವರ ಬಸ್ಸಿಗಿಂತ ಮೊದಲು ಓಣಿ ದಾಟಿತು. ಎದುರು ಮನೆಯ ಚಂದವ್ವ ಬಾವಿಕಟ್ಟೆಯ ಮೇಲೆ, ನಾಲ್ಕು ಜನರ ಮುಂದೆ, “ರುಕ್ಮವ್ವಾ, ನಿನ್ನ ಮಗಳ ಇವತ್ತ ಮಾತಾಡಿದಳೇನ?” ಎಂದು ಕೇಳುತ್ತಿದ್ದಳು. ಅವ್ವ ಹೊತ್ತು ತಪ್ಪಿಸಿ ನೀರಿಗೆ ಹೋಗತೊಡಗಿದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಪಂಚಮಿಗೆಂದು ಒಲೆಯ ಹಿಂದಿನ ಗೋಡೆಗೆ ಸುಣ್ಣ ಹಚ್ಚುವುದಿತ್ತು. ಕುಡಿಕೆಗಳನ್ನು ದನದ ಮನೆಯ ಗೂಡಿಗೆ ಸಾಗಿಸಿ ಬಟ್ಟೆ ಮುಚ್ಚಿದೆ. ಹಾಲೆರೆಯುವ ದಿನ ಬೆಳಗ್ಗೆ ಗುಂಡವ್ವತ್ತಿ ಮೊಸರಿನ ಕುಡಿಕೆ ಹುಡುಕುತ್ತ ಅಲ್ಲಿಗೇ ಹೋದಳು. ಅವಳು ಅಪ್ಪನ ಅಕ್ಕ, ದೇವರ ಹಿಪ್ಪರಗಿಗೆ ಕೊಟ್ಟವಳು. ಪ್ರತಿ ಪಂಚಮಿಗೂ ತವರಿಗೆ ಬರುತ್ತಾಳೆ, ಇದ್ದಷ್ಟು ದಿನ ಮನೆ ಅವಳದೇ. ಅಪ್ಪ ಆಗಲೇ ಗೆಳೆಯರ ಜೊತೆ ನಿಂಬೆಹಣ್ಣು ಎಸೆಯುವ ಪಂದ್ಯಕ್ಕೆ ಹೋಗಿದ್ದ.

“ರುಕ್ಮವ್ವಾ! ಓಡಿ ಬಾ! ನಾಗಪ್ಪ ಬಂದಾನ! ತನ್ನ ಮಕ್ಕಳನ್ನ ಕಳಿಸ್ಯಾನ!”

ನಾನು ಓಡುವಷ್ಟರಲ್ಲಿ ಅವ್ವ ಅಲ್ಲಿದ್ದಳು. ಅತ್ತಿ ಎರಡೂ ಕುಡಿಕೆಗಳನ್ನು ಸೆರಗಿನಲ್ಲಿ ಹಿಡಿದು ಪಡಸಾಲೆಗೆ ತಂದು, ಹುತ್ತದ ಮಣ್ಣಿನಿಂದ ಮಾಡಿದ ನಾಗಪ್ಪನ ಮುಂದೆ ಮಣೆಯ ಮೇಲಿಟ್ಟಳು. ಅವಳ ಕೂಗು ಕೇಳಿ ಓಣಿಯ ಹೆಂಗಸರು ಹಾಲಿನ ಗಿಂಡಿ ಹಿಡಿದುಕೊಂಡೇ ಬಂದರು. ಚಂದವ್ವ ಎಲ್ಲರಿಗಿಂತ ಮುಂದೆ ಬಂದು ಬಗ್ಗಿ ನೋಡಿದಳು.

“ಕಾಲ ಅದಾವಲ್ಲವ್ವ ಇದಕ? ಹಲ್ಲಿ ಇದ್ದಂಗ ಐತಿ.”

“ಹಲ್ಲಿ ಆಗಿದ್ರ ಕುಡಕಿ ಏರಿ ಹೊರಗ ಬರತಿತ್ತು. ಏರೇತೇನ?” ಎಂದಳು ಅತ್ತಿ. “ಹಾವಿನ ಹೆಜ್ಜಿ ಹಾವಿಗೇ ಗೊತ್ತು ಅಂತ ಹಿರೇರು ಸುಮ್ಮನ ಅಂದಾರೇನ? ಸಣ್ಣಾವಿದ್ದಾಗ ಕಾಲ ಇರತಾವ, ದೊಡ್ಡಾವಾದ ಮ್ಯಾಲ ಒಳಗ ಹೋಗತಾವ. ನಮ್ಮ ಕಣ್ಣಿಗೆ ಬೀಳಂಗಿಲ್ಲ, ಅಷ್ಟ.”

“ಖರೇನ ಬಿಡವ್ವ,” ಎಂದಿತು ಒಂದು ದನಿ. ಚಂದವ್ವ ಕೈಮುಗಿದಳು. “ರುಕ್ಮವ್ವಾ, ಭಾಳ ಪುಣ್ಯವಂತಿ ನೀ. ನಾವು ಹುತ್ತ ಹುಡುಕಿಕೊಂಡ ಹೋಗತೇವಿ, ಅಂವ ನಿನ್ನ ಮನಿ ಹುಡುಕಿಕೊಂಡ ಬಂದಾನ.”

ಅವ್ವ ನಕ್ಕಳು. ಎಷ್ಟು ದಿನಗಳ ಮೇಲೆ! ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ನಕ್ಕಳು. ಹೆಂಗಸರು ದಾರಿ ಬಿಟ್ಟು ಅವಳನ್ನು ನಡುವೆ ಕೂರಿಸಿದರು. ಮೊದಲ ಹಾಲು ನೀನೇ ಎರೆಯಬೇಕು ಎಂದರು.

ನಾನು ಕಂಬದ ಹಿಂದೆ ನಿಂತಿದ್ದೆ.

ಪಂಚಮಿಯ ಹಾಲನ್ನು ಒಂದೇ ಸಲಕ್ಕೆ ಎರೆದು ಮುಗಿಸುವಂತಿಲ್ಲ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಪಾಲು. ಒಣಕೊಬ್ಬರಿಯ ಬಟ್ಟಲಿನಲ್ಲಿ ಹಾಲು ತುಂಬಿ, ಹೆಸರು ಹೇಳಿ ಹೇಳಿ ಎರೆಯಬೇಕು. “ಅಪ್ಪನ ಪಾಲು,” ಎಂದು ಅವ್ವ ಸಣ್ಣ ಮರಿಯಿದ್ದ ಕುಡಿಕೆಗೆ ಎರೆದಳು. “ಅವ್ವನ ಪಾಲು. ಅತ್ತಿಯ ಪಾಲು.” ಶೇಂಗಾ ಸಿಪ್ಪೆ ತೇಲಿತು. ಮರಿ ನಾಲ್ಕೂ ಕಾಲಿನ ಮೇಲೆ ಮೈ ಎತ್ತಿ, ಬಾಲ ಅಲ್ಲಾಡಿಸಿ, ಬಾಯಿ ತೆರೆದು ಕೀಚ್ ಎಂದಿತು.

“ಮಾತಾಡಿತವ್ವ!” ಎಂದರು ಹೆಂಗಸರು.

ಹೊಸ್ತಿಲ ಹೊರಗೆ ಶಮಶಾದಬಿ ಹಬ್ಬಕ್ಕೆ ಕೊಡಬೇಕಾದ ಎಮ್ಮೆಯ ಹಾಲು ಹಿಡಿದು ನಿಂತಿದ್ದಳು. ಮಣೆಯನ್ನು ನೋಡಿ, ನನ್ನನ್ನು ನೋಡಿದಳು. ನಾನು ಅವಳ ಹತ್ತಿರ ಸರಿದೆ.

“ನಿನ್ನಾವಲ್ಲೇನ ಅವು?” ಎಂದಳು ಪಿಸುದನಿಯಲ್ಲಿ.

“ನೀ ಹೇಳಕ್ಕಾ.”

“ನಾ ಹೇಳಿದ್ರ ಹಬ್ಬ ಕೆಡಿಸಿದ್ಲು ಅಂತಾರ. ನಾ ಈ ಓಣ್ಯಾಗ ಹಾಲ ಮಾರಬೇಕವ್ವ. ನೀ ಹೇಳ. ಲಗು ಹೇಳ.”

ನಾನು ಬಾಯಿ ತೆರೆದೆ. ಆಗಲೇ ಚಂದವ್ವ ಅವ್ವನ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಹೇಳಿದಳು, ಅವ್ವ ಮತ್ತೆ ನಕ್ಕಳು. ನನ್ನ ಬಾಯಿ ಮುಚ್ಚಿತು. ಚಂದವ್ವ ತನ್ನ ಮನೆಯ ಪಾಲು ಎರೆದಳು. ಅವಳ ಸೊಸೆ ಎರೆದಳು. ಕುಡಿಕೆ ತುಂಬಿ ಮಣೆಯ ಮೇಲೆ ಹರಿಯಿತು. ಹಾಲಿನೊಳಗೆ ಪಟ್ಟಿಬಾಲ ಒಂದೆರಡು ಸಲ ಮಡಚಿ ಬಿಚ್ಚಿತು. ಆಮೇಲೆ ಬಿಳಿಯ ಹೊಟ್ಟೆ ಮೇಲೆ ಬಂತು.

“ಹೊಟ್ಟಿ ತುಂಬಿ ಮಲಗಿದ,” ಎಂದಳು ಅತ್ತಿ. ಎಲ್ಲರೂ ಕೈಮುಗಿದರು. ಅವ್ವ ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು.

ನಾನು ಅದನ್ನೆಲ್ಲ ಕಂಬ ಹಿಡಿದುಕೊಂಡು ನೋಡಿದೆ.

ಅತ್ತಿ ಎರಡನೆಯ ಕುಡಿಕೆಯನ್ನು ಮುಂದಕ್ಕೆ ಎಳೆದಳು. “ಈಗ ಮಗಳ ಪಾಲು ಎರಿ ರುಕ್ಮವ್ವಾ. ಬರೋ ಪಂಚಮಿಗೆ ಗಂಡನ ಮನಿಯಿಂದ ಉಂಡಿ ಕಟಗೊಂಡ ಬರಲಿ ಅಂತ ಬೇಡಿಕೊ. ಆಕಿ ಬಾಯಿ ತೆರೀಲಿ ಅಂತ ಬೇಡಿಕೊ.”

ಅವ್ವ ಬಟ್ಟಲು ತುಂಬಿಕೊಂಡು ಕಣ್ಣು ಮುಚ್ಚಿದಳು. ತುಟಿಗಳು ಅಲುಗುತ್ತಿದ್ದವು. ಬಹಳ ಹೊತ್ತು ಬೇಡಿಕೊಂಡಳು. “ನಮ್ಮ ಶಂಕ್ರೆವ್ವನ ಪಾಲು,” ಎಂದು ಬಟ್ಟಲು ಬಾಗಿಸಿದಳು.

ಕಂಬ ಬಿಟ್ಟು ಹೇಗೆ ಬಂದೆನೋ ಗೊತ್ತಿಲ್ಲ. ಕುಡಿಕೆಯ ಬಾಯಿಗೆ ನನ್ನ ಅಂಗೈ ಅಡ್ಡ ಇತ್ತು. ಹಾಲು ಕೈಮೇಲೆ ಬಿದ್ದು ಮೊಳಕೈವರೆಗೆ ಹರಿಯಿತು.

“ನನ್ನ ಪಾಲು ಬ್ಯಾಡ,” ಎಂದೆ.

“ಏನಂದಿ?” ಎಂದಳು ಅತ್ತಿ.

“ಇವು ಹಾವಲ್ಲ. ಹಲ್ಲಿ ಮರಿ. ಚುಕ್ಕಿಹಲ್ಲೀವು. ನಾನ ಸಾಕೇನಿ.”

ಇಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಮರಿಯನ್ನು ಅಂಗೈಗೆ ತೆಗೆದುಕೊಂಡೆ. ಬೆರಳ ಸಂದಿಯಿಂದ ಇಳಿದ ಒಂದು ಹನಿ ಹಾಲು ಅದರ ಕಣ್ಣಿನ ಮೇಲೆ ಕೂತಿತ್ತು. ಅದು ಕಣ್ಣು ಮುಚ್ಚಿತು, ತೆರೆಯಿತು, ದಪ್ಪ ಗುಲಾಬಿ ನಾಲಗೆ ಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿಕೊಂಡಿತು.

“ನೋಡ್ರಿ,” ಎಂದೆ. “ಹಾವು ಕಣ್ಣು ಮುಚ್ಚಂಗಿಲ್ಲ. ಅದರ ನಾಲಗಿ ಹಿಂಗ ಇರಂಗಿಲ್ಲ.”

ಮೊದಲು ನಕ್ಕವಳು ಚಂದವ್ವ. “ಅಯ್ಯ, ಹಲ್ಲಿಗೆ ಹಾಲೆರದ್ವಿ! ಊರೆಲ್ಲ ನಾಗಪ್ಪಗ ಎರದ್ರ ನಮ್ಮ ಓಣ್ಯಾಗ ಹಲ್ಲಿಗೆ!”

“ಮೈಮ್ಯಾಲ ಹಲ್ಲಿ ಬಿದ್ರ ಜಳಕಾ ಮಾಡತೇವಿ. ನಾವ ಹಲ್ಲಿ ಕಾಲಿಗೆ ಬಿದ್ದಿದ್ದಕ ಏನ ಮಾಡೂದವ್ವ?” ಎಂದಳು ಅವಳ ಸೊಸೆ.

“ನಾಗಪ್ಪ ಮಾತಾಡಿದಾ ಅಂದವರು ಯಾರು?”

“ನೀನ ಅಂದಿ!”

ನಗುತ್ತಲೇ ಅವರು ತಮ್ಮ ಗಿಂಡಿಗಳನ್ನು ಎತ್ತಿಕೊಂಡರು. ಅತ್ತಿ ಮಾತ್ರ ನಗಲಿಲ್ಲ. ಹಾವಿನ ಕಾಲಿನ ಮಾತು ಹೇಳಿದವಳು ಅವಳು. ಅವಳ ಮುಖ ಕಪ್ಪಿಟ್ಟಿತು.

“ಮುದ್ದೇಬಿಹಾಳದವರು ಹೆಸರ ಕೇಳಿದ್ರ ಬಾಯಿ ಬಿಡಲಿಲ್ಲ. ಹಲ್ಲಿ ಸಲುವಾಗಿ ಬಿಟ್ಲು ನೋಡ್ರಿ ಮಾರಾಣಿ!” ಮೂಲೆಯ ಕಸಬರಿಗೆ ಅವಳ ಕೈಗೆ ಬಂತು. “ತಾ ಇಲ್ಲೆ, ಆ ವಿಷದ ಪಿಂಡಾ!”

ನಾನು ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ತಿರುಗಿ ನಿಂತೆ. ಬೆನ್ನ ಹಿಂದೆ ಹೊಸ್ತಿಲಿನಿಂದ ಶಮಶಾದಬಿಯ ದನಿ ಕೇಳಿಸಿತು.

“ಗುಂಡಕ್ಕಾ, ಪಂಚಮಿ ದಿನ ಹರಿಯೋ ಜೀವ ಹೊಡೀತೀರೇನ್ರಿ? ನಿಮ್ಮ ಹಬ್ಬದಾಗ ಕಾಯಿಪಲ್ಯಾನೂ ಕೊಯ್ಯಂಗಿಲ್ಲ ಅಂತೀರೆಲ್ಲ.”

ಕಸಬರಿಗೆ ನೆಲಕ್ಕೆ ಬಿದ್ದ ಸಪ್ಪಳವಾಯಿತು. ಒಬ್ಬೊಬ್ಬರೇ ಹೋದರು. ಓಣಿಯ ತುದಿಯವರೆಗೂ ನಗು ಕೇಳಿಸುತ್ತಿತ್ತು. ಅತ್ತಿ ತನ್ನ ಗಂಟು ಕಟ್ಟಿ ಹೊತ್ತು ಮುಳುಗುವ ಮೊದಲಿನ ಬಸ್ಸಿಗೆ ಹೊರಟಳು. ತವರಿನ ಉಂಡಿ ಕೊಟ್ಟರೂ ಮುಟ್ಟಲಿಲ್ಲ.

ಅವ್ವ ಇಡೀ ಹೊತ್ತು ಮಣೆಯ ಮುಂದೆಯೇ ಕೂತಿದ್ದಳು. ಎಲ್ಲರೂ ಹೋದ ಮೇಲೆ ಹಾಲನ್ನು ಅರಿವೆಯಿಂದ ಒರೆಸಿದಳು, ಹಿಂಡಿದಳು, ಮತ್ತೆ ಒರೆಸಿದಳು. ಒರೆಸಲು ಏನೂ ಉಳಿಯದಿದ್ದರೂ ಒರೆಸುತ್ತಿದ್ದಳು. ನಾನು ಸತ್ತ ಮರಿಯನ್ನು ಎಲೆಯಲ್ಲಿ ಸುತ್ತಿ, ಕುರುಪಿ ಹಿಡಿದು ಹಿತ್ತಲಿಗೆ ಹೊರಟೆ.

“ಇವತ್ತ ನೆಲಾ ಅಗಿಯಂಗಿಲ್ಲ,” ಎಂದಳು. ಅಂದು ಅವಳು ನನಗೆ ಆಡಿದ ಮೊದಲ ಮಾತು ಅದು.

ಕುರುಪಿ ಕೆಳಗಿಟ್ಟೆ. ಅವ್ವ ತಲೆ ಎತ್ತಲಿಲ್ಲ.

“ನಾ ಅದರ ಮ್ಯಾಲ ಹಾಲ ಸುರಿಯಾಕತ್ತಾಗ ನೀ ಅಲ್ಲೇ ನಿಂತಿದ್ದಿ?”

“ಹೂಂ.”

“ಯಾಕ ಹೇಳಲಿಲ್ಲ?”

“ನೀ ನಗಾಕತ್ತಿದ್ದಿ, ಅವ್ವಾ.”

ಅವ್ವ ಅರಿವೆಯನ್ನು ಮಣೆಯ ಮೇಲೆಯೇ ಬಿಟ್ಟು ಎದ್ದು ಒಳಗೆ ಹೋದಳು. ಒಂದು ಜೀವವನ್ನು ಅವಳ ನಗುವಿಗಾಗಿ ಬಿಟ್ಟುಕೊಟ್ಟಿದ್ದೆ. ಇನ್ನೊಂದಕ್ಕಾಗಿ ಅವಳ ನಗುವನ್ನೇ ಕಿತ್ತುಕೊಂಡೆ. ಎರಡೂ ನನ್ನ ಕೈಯಿಂದಲೇ ಆಗಿದ್ದವು. ಎಲೆಯ ಪೊಟ್ಟಣವನ್ನು ಮರುದಿನದವರೆಗೆ ಹರವಿಯ ಪಕ್ಕದಲ್ಲಿಟ್ಟೆ. ಉಳಿದ ಮರಿಯ ಬೆರಳಿನ ಸಂದಿಯಲ್ಲಿದ್ದ ಹಾಲನ್ನು ಒದ್ದೆ ಅರಳೆಯಿಂದ ತೊಳೆದೆ. ಹಾಲು ಒಣಗಿದರೆ ಪೊರೆ ಅಲ್ಲೇ ಹಿಡಿದುಕೊಂಡು ಬೆರಳು ಕೊಳೆಯಬಹುದು.

ಆಮೇಲೆ ಓಣಿಯಲ್ಲಿ ನನ್ನನ್ನು ಮೂಕಿ ಎನ್ನುವುದು ನಿಂತಿತು. ಈಗ ಹಲ್ಲಿ ಶಂಕ್ರಿ. ನೀರಿಗೆ ಹೋದರೆ ಮಕ್ಕಳು ಹಿಂದೆ ಬಂದು ಲೊಚ್ ಲೊಚ್ ಎನ್ನುತ್ತವೆ. ಅವ್ವ ಈಗಲೂ ಹೊತ್ತು ತಪ್ಪಿಸಿಯೇ ಬಾವಿಗೆ ಹೋಗುತ್ತಾಳೆ. ಹರವಿಯನ್ನು ಹೊರಗೆ ಹಾಕು ಎಂದು ಮಾತ್ರ ಅವಳು ಹೇಳಲಿಲ್ಲ. ಗೂಡಿನ ಹತ್ತಿರ ಒಂದೆರಡು ಸಲ ರೆಕ್ಕೆ ಮುರಿದ ಮಿಡತೆ ಬಿದ್ದಿರುವುದನ್ನು ಕಂಡೆ. ಅವು ತಾವಾಗಿ ಅಲ್ಲಿಗೆ ಬಂದು ಬಿದ್ದವೆಂದು ತಿಳಿಯುವಷ್ಟು ದಡ್ಡಿ ನಾನಲ್ಲ.

ಶೀಗಿ ಹುಣ್ಣಿಮೆ ಮುಗಿದು ಮೋಡ ಹರಿಯಿತು. ಮರಿಯ ಬಾಲ ದಪ್ಪಗಾಗಿತ್ತು, ಪಟ್ಟಿಗಳು ಅಲ್ಲಲ್ಲಿ ಒಡೆದು ಚುಕ್ಕಿಯಾಗತೊಡಗಿದ್ದವು. ಒಂದು ಸಂಜೆ ಮರಿಯನ್ನು ಕುಡಿಕೆಯಲ್ಲಿ, ತಾಯಿಯನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಹೊಲಕ್ಕೆ ಹೊರಟೆ. ಸ್ವಲ್ಪ ದೂರ ಹೋದ ಮೇಲೆ ತಿರುಗಿದರೆ ಹಿಂದೆ ಅವ್ವ ಬರುತ್ತಿದ್ದಳು. ನನ್ನ ಜೊತೆ ಬಂದವಳಲ್ಲ ಎಂಬಂತೆ ದೂರದಲ್ಲಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು.

ರಾಶಿಯಲ್ಲಿ ಉಳಿದ ಮಗ್ಗುಲಿನ ದೊಡ್ಡ ಚಪ್ಪಡಿಯಡಿಯಲ್ಲಿ ತಾಯಿಯನ್ನು ಬಿಟ್ಟೆ. ಮರಿ ಕಚ್ಚಿಸಿಕೊಳ್ಳದಂತೆ ಅದಕ್ಕೆ ಆಚೆ ಬದಿಯ ಬೇರೆ ಸಂದಿ ಹುಡುಕಿದೆ. ಅವ್ವ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

“ಕಣ್ಣ ಮುಚ್ಚತೈತಿ ಅಂದಿದ್ದೆಲ್ಲ. ಎಲ್ಲೆ?”

ಕುಡಿಕೆಯನ್ನು ಬಿಸಿಲ ಕಡೆಗೆ ಬಾಗಿಸಿದೆ. ಮರಿ ಅವ್ವನನ್ನು ನೋಡಿ ಕಣ್ಣು ಮುಚ್ಚಿತು. ಅವಳು ಇನ್ನೂ ಬಗ್ಗಿ ನೋಡುತ್ತಿರುವಾಗಲೇ ಮರಿ ಕುಡಿಕೆಯಿಂದ ಇಳಿದು ಸಂದಿಯ ಬಾಯಿಯಲ್ಲಿ ನಿಂತಿತು. ಅದೇ ಹೊತ್ತಿಗೆ ಕಾಲುದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಚಂದವ್ವ ಮತ್ತು ಅವಳ ಸೊಸೆ ಬಂದರು.

“ಏನ ರುಕ್ಮವ್ವಾ, ಮಗಳ ಕೂಡ ಕಲ್ಲಾಗ ಏನ ಹುಡುಕಾಕತ್ತಿ?”

ಹಲ್ಲಿ ಬಿಡಲು ಬಂದಿದ್ದೇವೆ ಎನ್ನಬೇಕಿತ್ತು. ಪಂಚಮಿಯ ದಿನ ಬಂದಿದ್ದ ದನಿ ಮತ್ತೆ ಬರಲಿಲ್ಲ. ಅವ್ವ ತಟ್ಟನೆ ಕಲ್ಲಿನ ಮೇಲೆ ಕೂತಳು, ಸೀರೆಯ ನೆರಿಗೆ ಸಂದಿಯ ಬಾಯಿಗೆ ಅಡ್ಡ ಬೀಳುವ ಹಾಗೆ.

“ಏನಿಲ್ಲವ್ವ. ಕಾಲ ನೋಯಾಕತ್ತಿದ್ವು, ಕುಂತೇನಿ.”

ಸೊಸೆ ಲೊಚ್ ಎಂದಳು. ಇಬ್ಬರೂ ನಗುತ್ತ ಮುಂದೆ ಹೋದರು. ಅವರ ಹೊರೆಗಳು ಜೋಳದ ಮರೆಯಲ್ಲಿ ಕಾಣದಾದವು. ನಾನು ನೆಲ ನೋಡುತ್ತ ನಿಂತಿದ್ದೆ. ಅವ್ವ ಮಾತ್ರ ಏಳಲಿಲ್ಲ. ನೆರಿಗೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ, ಮರಿ ಪೂರಾ ಒಳಗೆ ಹೋಗುವವರೆಗೆ ಕಾಯುತ್ತ ಕೂತಿದ್ದಳು.